ಹಬ್ಬದ ಸಿನಿಮಾ, ದೆವ್ವದ ಸಿನಿಮಾ: ಓದುಗರ ಪ್ರಶ್ನೆಗಳಿಗೆ ಉತ್ತರ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳುಹಿಸಿದ ಪತ್ರಗಳಲ್ಲಿ ಈ ಬಾರಿ ಹಬ್ಬದ ಬಿಡುಗಡೆಗಳನ್ನು ಕುರಿತವು, ಹಾರರ್ ಮತ್ತು ಪತ್ತೇದಾರಿ ಚಿತ್ರಗಳನ್ನು ಕುರಿತವು ಹೆಚ್ಚಾಗಿದ್ದವು. ಒಂದಕ್ಕೊಂದು ಹೊಂದಿಕೊಳ್ಳುವ ಪ್ರಶ್ನೆಗಳನ್ನು ಮಾತ್ರ ಆರಿಸಿಕೊಂಡು, ಕೆಲವಕ್ಕೆ ವಿಸ್ತಾರವಾಗಿ, ಕೆಲವಕ್ಕೆ ಚಿಕ್ಕದಾಗಿ ಉತ್ತರಿಸಿದ್ದೇನೆ.

ಹರಿಹರದ ಓದುಗರು: ಹಬ್ಬದ ವಾರದಲ್ಲಿ ತೆರೆಗೆ ಬಂದ ಚಿತ್ರಗಳನ್ನೆಲ್ಲ ಪತ್ರಿಕೆಗಳು ‘ಹಬ್ಬದ ಸಿನಿಮಾ’ ಎಂದು ಕರೆಯುತ್ತವೆ. ನೀವೂ ಅದನ್ನು ಒಪ್ಪುತ್ತೀರಾ?

ಒಪ್ಪುವುದಿಲ್ಲ. ಬಿಡುಗಡೆಯ ದಿನಾಂಕವನ್ನು ನಿರ್ಧರಿಸುವವರು ನಿರ್ಮಾಪಕರು ಮತ್ತು ಹಂಚಿಕೆದಾರರು. ಆದರೆ ಆ ಚಿತ್ರ ಹಬ್ಬಕ್ಕೆ ಸೇರಿದ್ದೋ ಅಲ್ಲವೋ ಎಂಬುದನ್ನು ನಿರ್ಧರಿಸುವವರು ಆ ದಿನ ಚಿತ್ರಮಂದಿರಕ್ಕೆ ಬಂದು ಕುಳಿತವರು. ಸಾಮಾನ್ಯ ಶುಕ್ರವಾರದ ಮಾರ್ನಿಂಗ್ ಶೋಗೆ ಬರುವ ಪ್ರೇಕ್ಷಕರೇ ಬೇರೆ, ಆಯುಧಪೂಜೆಯ ಸಂಜೆ ಬರುವ ಪ್ರೇಕ್ಷಕರೇ ಬೇರೆ. ಮೊದಲನೆಯವರು ನಾಯಕನ ಹೆಸರಿಗೆ ಬಂದವರು. ಎರಡನೆಯವರಾದರೋ ಬೆಂಗಳೂರಿನಿಂದ ರಜೆಗೆ ಬಂದ ಮಗ, ವರ್ಷಕ್ಕೆ ಒಂದೋ ಎರಡೋ ಬಾರಿ ಮಾತ್ರ ಟಾಕೀಸಿನ ಮೆಟ್ಟಿಲು ಹತ್ತುವ ಅಜ್ಜಿ, ಮಧ್ಯಂತರದ ಪಾಪ್‌ಕಾರ್ನ್‌ಗಾಗಿ ಕಾಯುವ ಮಕ್ಕಳು, ಇವರೆಲ್ಲರೂ ಒಂದೇ ಸಾಲಿನಲ್ಲಿ ಕುಳಿತಿರುವ ಕುಟುಂಬ. ಆ ಸಾಲಿನ ಒಬ್ಬರೂ ತಲೆ ತಗ್ಗಿಸದಂತೆ, ಒಬ್ಬರಿಗೂ ಬೇಸರವಾಗದಂತೆ ಎರಡೂವರೆ ಗಂಟೆ ಹಿಡಿದಿಡುವ ಚಿತ್ರಕ್ಕೆ ಮಾತ್ರ ನಾನು ಹಬ್ಬದ ಸಿನಿಮಾ ಎನ್ನುತ್ತೇನೆ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮುಂಗಾರಿನ ಮೆಕ್ಕೆಜೋಳ ದಾವಣಗೆರೆಯ ಮಾರುಕಟ್ಟೆಗೂ, ಶೇಂಗಾ ಚಳ್ಳಕೆರೆಯ ಮಾರುಕಟ್ಟೆಗೂ ಬಂದು ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ದಸರಾ ಮತ್ತು ದೀಪಾವಳಿಯ ಆಸುಪಾಸಿನಲ್ಲಿ. ಶಾಲೆಗಳಿಗೆ ದಸರಾ ರಜೆಯೂ ಆಗಲೇ ಇರುತ್ತದೆ. ಹೀಗಾಗಿ ಚಿತ್ರದುರ್ಗ ಮತ್ತು ದಾವಣಗೆರೆಯನ್ನು ಒಂದೇ ಪ್ರದೇಶವೆಂದು ಲೆಕ್ಕ ಹಾಕುವ ಹಂಚಿಕೆದಾರರಿಗೆ ಯುಗಾದಿಗಿಂತ ದಸರಾ ಮುಖ್ಯವಾಗುವುದು ಸಹಜ. ಆದರೆ ಮೊದಲ ಮೂರು ದಿನ ಹೌಸ್‌ಫುಲ್ ಫಲಕ ಹಾಕಿಸಿಕೊಂಡು, ರಜೆ ಮುಗಿದ ಸೋಮವಾರವೇ ಖಾಲಿಯಾಗುವ ಚಿತ್ರಗಳು ಪ್ರತಿ ವರ್ಷವೂ ಇರುತ್ತವೆ. ಅವು ಹಬ್ಬದ ರಜೆಯ ಲಾಭ ಪಡೆದವೇ ಹೊರತು ಹಬ್ಬಕ್ಕೆ ಏನನ್ನೂ ಕೊಡಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು 2022ರ ನವರಾತ್ರಿಯ ಹೊತ್ತಿಗೆ, ಸೆಪ್ಟೆಂಬರ್ 30ರಂದು, ಮೊದಲು ಕನ್ನಡದಲ್ಲಿ ಮಾತ್ರ ತೆರೆ ಕಂಡ ‘ಕಾಂತಾರ’. ಹಿಂದಿ ಮತ್ತು ತೆಲುಗು ಅವತರಣಿಕೆಗಳು ಬಂದದ್ದು ಅಕ್ಟೋಬರ್ ಮಧ್ಯದಲ್ಲಿ, ಅಂದರೆ ಇಲ್ಲಿನ ಜನ ನೋಡಿ ಒಪ್ಪಿದ ಮೇಲೆ. ಕರಾವಳಿಯ ಭೂತಾರಾಧನೆಯ ವಿವರ ಬಯಲುಸೀಮೆಯ ನಮಗೆ ಹೊಸದು. ಆದರೂ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದನ್ನು, ಅಮ್ಮನ ಮುಂದೆ ಹರಕೆ ಒಪ್ಪಿಸುವುದನ್ನು ಕಂಡು ಬೆಳೆದವರಿಗೆ ಅದರ ಕೊನೆಯ ಭಾಗವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅಜ್ಜಿಗೆ ಅಲ್ಲಿ ದೈವ ಕಂಡಿತು, ಮೊಮ್ಮಗನಿಗೆ ಹೊಡೆದಾಟ ಕಂಡಿತು, ಮಗನಿಗೆ ಜಮೀನಿನ ಜಗಳ ಕಂಡಿತು. ನಾಯಕ ನಾಯಕಿಯನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಬಂದ ಟೀಕೆಗಳನ್ನು ನಾನು ಒಪ್ಪುತ್ತೇನೆ, ಆ ದೃಶ್ಯಗಳು ಇರಬಾರದಿತ್ತು. ಆದರೆ ಮೂರು ತಲೆಮಾರನ್ನು ಒಂದೇ ಸಾಲಿನಲ್ಲಿ ಕೂರಿಸುವ ಕೆಲಸವನ್ನು ಆ ಚಿತ್ರ ಪ್ರಾಮಾಣಿಕವಾಗಿ ಮಾಡಿತು.

ದಾವಣಗೆರೆಯ ಕಾಲೇಜು ವಿದ್ಯಾರ್ಥಿನಿ: ಇಂಗ್ಲಿಷ್‌ನಲ್ಲಿ ಕ್ರಿಸ್‌ಮಸ್ ಚಿತ್ರಗಳೆಂಬ ಒಂದು ಗುಂಪೇ ಇದೆ. ನಮ್ಮಲ್ಲಿ ದೀಪಾವಳಿಯ ಚಿತ್ರ, ಯುಗಾದಿಯ ಚಿತ್ರ ಎಂಬುದು ಏಕಿಲ್ಲ? ಹಾಗೆಯೇ, ‘ಡೈ ಹಾರ್ಡ್’ ಕ್ರಿಸ್‌ಮಸ್ ಚಿತ್ರವೋ ಅಲ್ಲವೋ ಎಂಬ ವಾದದಲ್ಲಿ ನೀವು ಯಾವ ಕಡೆ?

ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ‘ಡೈ ಹಾರ್ಡ್’ ಅಮೆರಿಕದಲ್ಲಿ ಬಿಡುಗಡೆಯಾದದ್ದು 1988ರ ಜುಲೈ ತಿಂಗಳಿನಲ್ಲಿ, ಬೇಸಿಗೆಯ ಆ್ಯಕ್ಷನ್ ಚಿತ್ರವಾಗಿ. ದಿನಾಂಕವನ್ನೇ ಪ್ರಮಾಣವಾಗಿಟ್ಟುಕೊಂಡರೆ ಅದು ಹಬ್ಬದ ಚಿತ್ರವಲ್ಲ. ಆದರೆ ಕಥೆಯೊಳಗೆ ಹೋಗಿ ನೋಡಿ. ಮುನಿಸಿಕೊಂಡು ದೂರವಿರುವ ಹೆಂಡತಿಯನ್ನು ಕಾಣಲು ಪೊಲೀಸ್ ಅಧಿಕಾರಿಯೊಬ್ಬ ಹಬ್ಬದ ಹಿಂದಿನ ದಿನ ಬೇರೆ ಊರಿನಿಂದ ಬರುತ್ತಾನೆ. ಕಚೇರಿಯಲ್ಲಿ ಹಬ್ಬದ ಔತಣ ನಡೆಯುತ್ತಿರುವುದರಿಂದಲೇ ಆ ಬಹುಮಹಡಿ ಕಟ್ಟಡದ ಒಂದು ಅಂತಸ್ತಿನಲ್ಲಿ ಮಾತ್ರ ಜನರಿರುತ್ತಾರೆ, ಕಳ್ಳರ ಯೋಜನೆಯೂ ಅದನ್ನೇ ನೆಚ್ಚಿಕೊಂಡಿರುತ್ತದೆ. ಹಬ್ಬವನ್ನು ತೆಗೆದರೆ ಕಥೆ ನಿಲ್ಲುವುದಿಲ್ಲ. ಆದ್ದರಿಂದ ಅದನ್ನು ಹಬ್ಬದ ಚಿತ್ರವೆಂದೇ ಎಣಿಸುತ್ತೇನೆ.

ಇನ್ನು ಮೊದಲ ಪ್ರಶ್ನೆ. ಒಂದು ಚಿತ್ರ ಹಬ್ಬದ ಆಚರಣೆಯ ಭಾಗವಾಗುವುದು ಅದನ್ನು ವರ್ಷ ವರ್ಷವೂ ಅದೇ ದಿನಗಳಲ್ಲಿ ಮತ್ತೆ ನೋಡುವುದರಿಂದ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ತೆರೆ ಕಂಡಾಗ ಅದಕ್ಕೆ ನಿರೀಕ್ಷಿಸಿದ ಗಳಿಕೆಯಾಗಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯದ ನವೀಕರಣ ತಪ್ಪಿಹೋದ ಕಾರಣ ಅಮೆರಿಕದ ಟಿವಿ ಕೇಂದ್ರಗಳು ಡಿಸೆಂಬರ್ ಬಂದರೆ ಸಾಕು ಅದನ್ನು ಮತ್ತೆ ಮತ್ತೆ ಪ್ರಸಾರ ಮಾಡತೊಡಗಿದವು, ಒಂದು ತಲೆಮಾರು ಅದನ್ನು ನೋಡುತ್ತಲೇ ಬೆಳೆಯಿತು. ಹಾಗೆ ಅದು ಕ್ರಿಸ್‌ಮಸ್‌ನ ಚಿತ್ರವಾಯಿತು.

ನಮ್ಮಲ್ಲಿ ಅಂಥ ಮರುವೀಕ್ಷಣೆ ದೀಪಾವಳಿಗೆ ಅಂಟಿಕೊಳ್ಳಲಿಲ್ಲ, ರಾಜ್ಯೋತ್ಸವಕ್ಕೆ ಅಂಟಿಕೊಂಡಿತು. ನವೆಂಬರ್ 1ರಂದು ಚಿತ್ರದುರ್ಗದ ಶಾಲೆಯ ಅಂಗಳವೊಂದರ ಪಕ್ಕ ಹಾದುಹೋದರೆ ‘ನಾಗರಹಾವು’ ಚಿತ್ರದ ಓಬವ್ವನ ಹಾಡಿಗೆ ಕೈಯಲ್ಲಿ ಒನಕೆ ಹಿಡಿದು ಕುಣಿಯುವ ಬಾಲಕಿಯರು ಕಾಣುತ್ತಾರೆ. ಆ ಚಿತ್ರ ಬಂದದ್ದು 1972ರ ಡಿಸೆಂಬರ್ ಕೊನೆಯಲ್ಲಿ, ರಾಜ್ಯೋತ್ಸವಕ್ಕೂ ಅದರ ಬಿಡುಗಡೆಗೂ ಸಂಬಂಧವಿಲ್ಲ. ಆದರೂ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡ ಆ ಕೆಲವೇ ನಿಮಿಷಗಳು ಐದು ದಶಕಗಳಿಂದ ನಮ್ಮ ನಾಡಹಬ್ಬದ ಭಾಗವಾಗಿವೆ. 1975ರ ‘ಮಯೂರ’ಕ್ಕೂ ಅದೇ ಭಾಗ್ಯ ಒದಗಿತು. ಆದುದರಿಂದ ಹಬ್ಬದ ಚಿತ್ರಗಳು ನಮ್ಮಲ್ಲಿಲ್ಲ ಎಂದು ಕೊರಗಬೇಕಾಗಿಲ್ಲ. ಅವು ಇವೆ, ಬೇರೆ ತಿಂಗಳಿನಲ್ಲಿವೆ. ಮನೆಯೊಳಗಿನ ದೀಪಾವಳಿಯನ್ನು, ಎಣ್ಣೆಸ್ನಾನದ ಬೆಳಗನ್ನು, ಅಳಿಯನ ಮೊದಲ ಹಬ್ಬವನ್ನು ಕಥೆಯ ನಡುವಿಗೆ ತರುವ ಒಂದು ಒಳ್ಳೆಯ ಕನ್ನಡ ಚಿತ್ರಕ್ಕಾಗಿ ಮಾತ್ರ ನಾನೂ ನಿಮ್ಮಂತೆಯೇ ಕಾಯುತ್ತಿದ್ದೇನೆ.

ಚಿತ್ರದುರ್ಗದ ಶಿಕ್ಷಕರು: ದೆವ್ವದ ಚಿತ್ರ, ಪತ್ತೇದಾರಿ ಚಿತ್ರ, ಗೂಢಚಾರಿ ಚಿತ್ರಗಳನ್ನು ಇಷ್ಟಪಡುತ್ತೇನೆ ಎಂದರೆ ನನ್ನ ಸಹೋದ್ಯೋಗಿಗಳು ಅಭಿರುಚಿ ಇಲ್ಲದವನಂತೆ ನೋಡುತ್ತಾರೆ. ಇಂಥ ಚಿತ್ರಗಳಿಗೆ ಕಲೆಯ ಸ್ಥಾನ ಇಲ್ಲವೇ?

ಇದೆ, ಮತ್ತು ಆ ಸ್ಥಾನವನ್ನು ಕೊಡಲು ಹಿಂದೆಗೆಯುವವರು ನಮ್ಮ ನೆಲದ ಚರಿತ್ರೆಯನ್ನೇ ಮರೆತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಚಿತ್ರಗಳನ್ನು ಪ್ರಕಾರಗಳಾಗಿ ವಿಂಗಡಿಸುವುದು ಹಾಲಿವುಡ್‌ನಿಂದ ಬಂದ ಅಭ್ಯಾಸವೆಂದು ಹಲವರು ತಿಳಿದಿದ್ದಾರೆ. ಆದರೆ ವೃತ್ತಿ ರಂಗಭೂಮಿಯ ಊರಾದ ದಾವಣಗೆರೆಯಲ್ಲಿ ಕಂಪನಿ ನಾಟಕದ ಟೆಂಟಿನ ಮುಂದೆ ನಿಂತವರಿಗೆ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬ ವಿಂಗಡಣೆ ಅಂದಿನಿಂದಲೇ ಗೊತ್ತಿತ್ತು. ಇದೇ ಊರಿನ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಹಾಕುತ್ತಿದ್ದಾಗ ಜನ ಕೇಳುತ್ತಿದ್ದ ಪ್ರಶ್ನೆಯೇ ‘ಇವತ್ತು ಯಾವ ಥರದ ಆಟ?’ ಎಂಬುದು. ಪೌರಾಣಿಕವೆಂದು ಪ್ರಕಟಿಸಿದರೆ ಕಿರೀಟ, ಕಂದಪದ್ಯ, ದೊಡ್ಡ ದನಿಯ ಮಾತು ಇರಲೇಬೇಕು. ಸಾಮಾಜಿಕವೆಂದರೆ ಅತ್ತೆ ಸೊಸೆಯರ ಸಂಕಟವೂ ಹಾಸ್ಯಗಾರನ ಚುರುಕು ಮಾತೂ ಇರಬೇಕು. ಆಟ ಕೊಟ್ಟ ಮಾತಿಗೆ ತಪ್ಪಿದರೆ ಮರುದಿನ ಟೆಂಟು ತುಂಬುತ್ತಿರಲಿಲ್ಲ. ಪ್ರಕಾರವೆಂದರೆ ಹೀಗೆ ನೋಡುಗರಿಗೆ ಕೊಟ್ಟ ಮಾತು. ಅದನ್ನು ಉಳಿಸಿಕೊಂಡು, ಅದರೊಳಗೇ ಹೊಸದೊಂದನ್ನು ಹೇಳುವುದು ಯಾವ ಕಲಾತ್ಮಕ ಚಿತ್ರದ ಕೆಲಸಕ್ಕೂ ಕಡಿಮೆಯಾದುದಲ್ಲ.

ಓದಿನ ವಿಚಾರದಲ್ಲಿಯೂ ಹೀಗೆಯೇ ಆಯಿತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ವಿಮರ್ಶಕರು ಬಹುಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆದರೆ ಆ ಪುಸ್ತಕಗಳನ್ನು ಬಾಡಿಗೆ ಗ್ರಂಥಾಲಯದಿಂದ ತಂದು ಓದುವ ಚಟ ಹತ್ತಿಸಿಕೊಂಡವರೇ ಮುಂದೆ ದೊಡ್ಡ ಕಾದಂಬರಿಗಳ ಓದುಗರೂ ಆದರು.

ಸಿನಿಮಾಕ್ಕೆ ಬಂದರೆ, 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯನ್ನು ಮಾಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿ ನಿಲ್ಲಿಸಿದ್ದು ಸಣ್ಣ ಧೈರ್ಯವಲ್ಲ. ಭಕ್ತ, ರಾಜ, ಹಳ್ಳಿಯ ಮಗ ಎಂಬ ಪಾತ್ರಗಳಲ್ಲಿ ಜನ ಪೂಜಿಸುತ್ತಿದ್ದ ನಟನ ಕೈಗೆ ಪಿಸ್ತೂಲು ಕೊಟ್ಟು, ಸೂಟು ತೊಡಿಸಿ, ಕನ್ನಡದಲ್ಲಿಯೂ ಗೂಢಚಾರಿ ಕಥೆ ನಿಲ್ಲುತ್ತದೆ ಎಂದು ಅವರು ತೋರಿಸಿದರು. ಅದೇ ವರ್ಷ ಗೋವಾದ ಹಿನ್ನೆಲೆಯ ಎರಡನೆಯ ಕಥೆಯೂ ಬಂತು. ಎರಡು ದಶಕಗಳ ನಂತರ, 1989ರಲ್ಲಿ, ಸುನೀಲ್ ಕುಮಾರ್ ದೇಸಾಯಿ ಅವರು ‘ತರ್ಕ’ದಲ್ಲಿ ಒಂದೂ ಹಾಡಿಲ್ಲದೆ ಕಥೆ ಹೇಳಿದರು. ಹಾಡಿಲ್ಲದಿದ್ದರೆ ಕ್ಯಾಸೆಟ್ ಮಾರಾಟವಿಲ್ಲ, ಕ್ಯಾಸೆಟ್ ಇಲ್ಲದಿದ್ದರೆ ಪ್ರಚಾರವಿಲ್ಲ ಎಂದು ನಂಬಿದ್ದ ಕಾಲವದು. ಆದರೆ ಸಸ್ಪೆನ್ಸ್ ಎಂದು ಮಾತು ಕೊಟ್ಟ ಮೇಲೆ ಊಟಿಯ ತೋಟದಲ್ಲಿ ಒಂದು ಯುಗಳಗೀತೆಗಾಗಿ ಆ ಬಿಗಿಯನ್ನು ಸಡಿಲಿಸಬಾರದೆಂದು ಅವರು ನಿರ್ಧರಿಸಿದರು. 1993ರ ‘ನಿಷ್ಕರ್ಷ’ದಲ್ಲಿ ಅದೇ ಶಿಸ್ತನ್ನು ಇನ್ನೂ ಮುಂದಕ್ಕೆ ಒಯ್ದು, ಮಣಿಪಾಲದ ಕಟ್ಟಡವೊಂದರೊಳಗೆ ಬ್ಯಾಂಕಿನ ಒತ್ತೆಯಾಳುಗಳ ಕಥೆಯನ್ನು ಕಟ್ಟಿದರು. ಈ ಅಂಕಣದಲ್ಲಿ ಮೇಲೆ ಹೇಳಿದ ಅಮೆರಿಕದ ಚಿತ್ರದ ನೆರಳು ಅದರ ಮೇಲಿರುವುದು ಸ್ಪಷ್ಟ. ಆದರೂ ಅಲ್ಲಿನ ಭಯ, ಅಲ್ಲಿನ ಸಣ್ಣ ಊರಿನ ಗೊಂದಲ, ವಿಷ್ಣುವರ್ಧನ್ ಅವರ ಸಂಯಮ ಎಲ್ಲವೂ ನಮ್ಮವು.

ನಿಮ್ಮ ಸಹೋದ್ಯೋಗಿಗಳಿಗೆ ಇನ್ನೊಂದು ಮಾತು ಹೇಳಿ. ನಿಮ್ಮ ಊರಿನ ಕೋಟೆಯಲ್ಲಿಯೇ ಎರಡು ಬಗೆಯ ಚಿತ್ರಗಳು ಹುಟ್ಟಿದವು, ಎರಡಕ್ಕೂ ಮೂಲ ತ.ರಾ.ಸು. ಅವರ ಬರವಣಿಗೆ. ಒಂದು ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’, ಇನ್ನೊಂದು 1975ರಲ್ಲಿ ಜಿ.ವಿ. ಅಯ್ಯರ್ ಅವರು ಮಾಡಿದ ‘ಹಂಸಗೀತೆ’. ಎರಡನೆಯದನ್ನು ಕಲೆಯೆಂದೂ ಮೊದಲನೆಯದನ್ನು ಜನಪ್ರಿಯವೆಂದೂ ಬೇರೆ ಬೇರೆ ಕಪಾಟಿನಲ್ಲಿ ಇಡುವವರನ್ನು ನಾನು ಕಂಡಿದ್ದೇನೆ. ಆದರೆ ರಾಮಾಚಾರಿಯ ಸಿಟ್ಟಿನ ಹಿಂದಿರುವ ನೋವನ್ನು, ಚಾಮಯ್ಯ ಮೇಷ್ಟ್ರ ಪ್ರೀತಿಯೇ ಶಿಷ್ಯನಿಗೆ ಮುಳುವಾಗುವ ದುರಂತವನ್ನು ಜನಪ್ರಿಯತೆ ಎಲ್ಲಿಯೂ ಕೆಡಿಸಲಿಲ್ಲ. ಅಷ್ಟು ಜನ ನೋಡಿದ್ದರಿಂದಲೇ ಆ ದುರಂತ ಅಷ್ಟು ಮನೆಗಳನ್ನು ತಲುಪಿತು.

ಚನ್ನಗಿರಿಯ ಓದುಗರು: ಸಂಕ್ರಾಂತಿಗೆ ತೆಲುಗು, ತಮಿಳಿನ ದೊಡ್ಡ ಚಿತ್ರಗಳು ಬರುತ್ತವೆ. ಕನ್ನಡದ ದೊಡ್ಡ ನಾಯಕರು ಆ ಹಬ್ಬಕ್ಕೆ ಏಕೆ ಬರುವುದಿಲ್ಲ?

ಚಿತ್ರಮಂದಿರಗಳ ಲಭ್ಯತೆಯೇ ಮುಖ್ಯ ಕಾರಣ. ಆಂಧ್ರ, ತೆಲಂಗಾಣ ಮತ್ತು ತಮಿಳುನಾಡಿನಲ್ಲಿ ಸಂಕ್ರಾಂತಿ ಮತ್ತು ಪೊಂಗಲ್ ಎಂದರೆ ವರ್ಷದ ಅತಿ ದೊಡ್ಡ ಸಿನಿಮಾ ಹಬ್ಬ. ಅಲ್ಲಿಗಾಗಿ ಸಿದ್ಧವಾದ ಚಿತ್ರಗಳು ಇಲ್ಲಿಯೂ ಅದೇ ದಿನ ಬರುತ್ತವೆ. ಮೊಳಕಾಲ್ಮೂರು, ಚಳ್ಳಕೆರೆಯಂಥ ಗಡಿ ತಾಲ್ಲೂಕುಗಳಲ್ಲಿ ತೆಲುಗು ಚಿತ್ರಗಳಿಗೆ ಮೊದಲಿನಿಂದಲೂ ಪ್ರೇಕ್ಷಕರಿದ್ದಾರೆ. ಒಂದೇ ವಾರದಲ್ಲಿ ಮೂರು ನಾಲ್ಕು ದೊಡ್ಡ ಚಿತ್ರಗಳೊಡನೆ ಪರದೆ ಹಂಚಿಕೊಳ್ಳುವುದಕ್ಕಿಂತ ಎರಡು ಮೂರು ವಾರ ಮೊದಲೇ ಬಂದು ನೆಲೆ ನಿಲ್ಲುವುದು ಒಳಿತೆಂದು ಕನ್ನಡದ ನಿರ್ಮಾಪಕರು ಕಂಡುಕೊಂಡರು. ಅದಕ್ಕೇ ಡಿಸೆಂಬರ್‌ನ ಕೊನೆಯ ಹತ್ತು ದಿನಗಳು ಕನ್ನಡದ ನಿಜವಾದ ಹಬ್ಬದ ಕಾಲವಾಗಿವೆ. 2014ರ ಡಿಸೆಂಬರ್ 25ರಂದು ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’, 2016ರ ಡಿಸೆಂಬರ್ 30ರಂದು ‘ಕಿರಿಕ್ ಪಾರ್ಟಿ’, 2018ರ ಡಿಸೆಂಬರ್ 21ರಂದು ‘ಕೆಜಿಎಫ್’ನ ಮೊದಲ ಭಾಗ, 2023ರ ಡಿಸೆಂಬರ್ 29ರಂದು ‘ಕಾಟೇರ’ ಬಂದವು. ಇವುಗಳಲ್ಲಿ ಮೊದಲನೆಯದರ ನಾಯಕ ದುರ್ಗದ ರಾಮಾಚಾರಿಯನ್ನೇ ಆದರ್ಶವಾಗಿಟ್ಟುಕೊಂಡವನು ಎಂಬುದು ನಮ್ಮ ಭಾಗದ ಪ್ರೇಕ್ಷಕರಿಗೆ ವಿಶೇಷ ಸಂತೋಷ ಕೊಟ್ಟ ಸಂಗತಿ.

ಆದರೂ ಸಂಕ್ರಾಂತಿಯನ್ನು ಪೂರ್ತಿ ಬಿಟ್ಟುಕೊಡುವುದು ನನಗೆ ಸಮ್ಮತವಿಲ್ಲ. ದೊಡ್ಡ ನಾಯಕನಿಲ್ಲದ, ಮಧ್ಯಮ ವೆಚ್ಚದ ಒಂದು ಒಳ್ಳೆಯ ಕೌಟುಂಬಿಕ ಚಿತ್ರಕ್ಕೆ ಎಳ್ಳು ಬೆಲ್ಲದ ದಿನ ಜಾಗ ಇದ್ದೇ ಇದೆ.

ಜಗಳೂರಿನ ಓದುಗರು: ಈಗಿನ ದೆವ್ವದ ಚಿತ್ರಗಳಲ್ಲಿ ಹೆದರಿಕೆಗಿಂತ ಹಾಸ್ಯವೇ ಹೆಚ್ಚು. ಇದು ಸರಿಯೇ?

ಹಾಸ್ಯ ಬೆರೆಸುವುದು ತಪ್ಪಲ್ಲ, ಹೆದರಿಕೆಯನ್ನು ಕಟ್ಟಲಾಗದೆ ಹಾಸ್ಯದ ಮೊರೆ ಹೋಗುವುದು ತಪ್ಪು. 1979ರ ‘ನಾ ನಿನ್ನ ಬಿಡಲಾರೆ’ಯನ್ನು ಇಂದು ನೋಡಿದರೂ ಅನಂತನಾಗ್ ಅವರ ಮುಖಭಾವ ಬದಲಾಗುವ ಕ್ಷಣಗಳಲ್ಲಿ ಮೈ ಜುಮ್ಮೆನ್ನುತ್ತದೆ, ಏಕೆಂದರೆ ಅಲ್ಲಿ ಭಯ ನಟನೆಯಿಂದ ಹುಟ್ಟುತ್ತದೆ. ಶ್ರಾವಣದ ಶುಕ್ರವಾರ, 2004ರ ಆಗಸ್ಟ್ 27ರಂದು ಬಂದ ‘ಆಪ್ತಮಿತ್ರ’ ಹಾಸ್ಯವನ್ನೂ ಭಯವನ್ನೂ ಬೇರೆ ಬೇರೆ ಪಾತ್ರಗಳಿಗೆ ಹಂಚಿ ಜಾಣತನ ತೋರಿತು. 1993ರ ಮಲಯಾಳ ಮೂಲದಿಂದ ಬಂದ ಆ ಕಥೆಯಲ್ಲಿ ನಗಿಸುವವರು ನಗಿಸುತ್ತಲೇ ಇರುತ್ತಾರೆ, ಆದರೆ ಸೌಂದರ್ಯ ಅವರ ಪಾತ್ರದ ಸಂಕಟವನ್ನು ನೋಡಿ ಯಾರೂ ನಗುವುದಿಲ್ಲ. ದೆವ್ವವೆಂದು ಆರಂಭವಾದ ಕಥೆ ಮನಸ್ಸಿನ ಕಾಯಿಲೆಯ ವಿವರಣೆಗೆ ಬಂದು ನಿಂತಾಗಲೂ ಅದರ ಗಾಂಭೀರ್ಯ ಕುಂದುವುದಿಲ್ಲ.

2025ರ ಜುಲೈ 25ರಂದು ಬಂದ ‘ಸು ಫ್ರಮ್ ಸೋ’ ಬೇರೆ ದಾರಿ ಹಿಡಿಯಿತು. ಅಲ್ಲಿ ನಗು ದೆವ್ವದಿಂದಲ್ಲ, ದೆವ್ವವನ್ನು ನಂಬಿ ಒಂದು ಊರು ನಡೆದುಕೊಳ್ಳುವ ರೀತಿಯಿಂದ ಬರುತ್ತದೆ. ಹೆಚ್ಚಿನ ಪ್ರಚಾರವಿಲ್ಲದೆ ಬಂದು, ನೋಡಿದವರು ಹೇಳಿದ ಮಾತಿನ ಬಲದಿಂದಲೇ ಅದು ಬೆಳೆಯಿತು. ನಗಿಸುವ ದೆವ್ವದ ಚಿತ್ರ ಮಾಡಬಯಸುವವರು ಆ ಚಿತ್ರದಲ್ಲಿ ಊರಿನ ಚಿಕ್ಕ ಚಿಕ್ಕ ಪಾತ್ರಗಳಿಗೆ ಎಷ್ಟು ಗಮನ ಕೊಡಲಾಗಿದೆ ಎಂಬುದನ್ನು ನೋಡಬೇಕು.

ಚಳ್ಳಕೆರೆಯ ಓದುಗರು: ಆಷಾಢದಲ್ಲಿ ಚಿತ್ರ ಬಿಡುಗಡೆ ಮಾಡಿದರೆ ಓಡುವುದಿಲ್ಲವಂತೆ, ನಿಜವೇ?

ನಿಜವಲ್ಲ. ‘ರಂಗಿತರಂಗ’ ಬಂದದ್ದು 2015ರ ಜುಲೈ 3ರಂದು. ಆ ವರ್ಷ ಅದು ಅಧಿಕ ಆಷಾಢ. ಹೊಸಬರೇ ತುಂಬಿದ್ದ ಆ ನಿಗೂಢ ಕಥೆಯ ಚಿತ್ರ ಎಷ್ಟು ವಾರ ನಿಂತಿತೆಂಬುದು ನಿಮಗೆ ನೆನಪಿರಬಹುದು.

ಹೊಸದುರ್ಗದ ಓದುಗರು: ನಾನು ಮಾಸ್ ಚಿತ್ರಗಳ ಅಭಿಮಾನಿ. ಹಬ್ಬದ ದಿನ ಕಟೌಟ್ ನಿಲ್ಲಿಸಿ, ಹಾಲೆರೆದು, ಮೊದಲ ಶೋ ನೋಡುವುದೇ ನಮಗೆ ಹಬ್ಬ. ಅದನ್ನು ತಪ್ಪೆನ್ನುತ್ತೀರಾ?

ಅಭಿಮಾನವನ್ನು ತಪ್ಪೆನ್ನಲಾರೆ. ನಾಯಕನ ಪ್ರವೇಶಕ್ಕೆ ಸಾವಿರ ಗಂಟಲುಗಳು ಒಟ್ಟಿಗೆ ಕೂಗುವಾಗ ಆಗುವ ರೋಮಾಂಚನವನ್ನು ಮನೆಯ ಟಿವಿ ಎಂದಿಗೂ ಕೊಡಲಾರದು, ಅದನ್ನು ನಾನೂ ಪ್ರೀತಿಸುತ್ತೇನೆ. ಮಾಸ್ ಎಂಬುದೂ ಒಂದು ಪ್ರಕಾರವೇ, ಅದಕ್ಕೂ ಅದರದೇ ವ್ಯಾಕರಣವಿದೆ. ನನ್ನ ತಕರಾರಿರುವುದು ಚಿತ್ರ ಮಾಡುವವರ ಬಗ್ಗೆ. ಪ್ರವೇಶ, ಇಂಟರ್‌ವಲ್ ಮತ್ತು ಕ್ಲೈಮ್ಯಾಕ್ಸ್ ಎಂಬ ಮೂರು ಶಿಖರಗಳನ್ನು ಕಟ್ಟಿ, ನಡುವಿನ ಒಂದೂವರೆ ಗಂಟೆಯನ್ನು ಕಥೆಯಿಲ್ಲದೆ ತುಂಬಿಸುವ ಅಭ್ಯಾಸ ಬೆಳೆಯುತ್ತಿದೆ. ಖಳನಾಯಕ ಯಾರೆಂದು ತಿಳಿಯುವ ಮೊದಲೇ ಅವನ ಕಡೆಯ ಐವತ್ತು ಜನ ನೆಲಕ್ಕುರುಳಿರುತ್ತಾರೆ, ಹಾಗಾಗಿ ನಾಯಕ ಯಾವ ಕಷ್ಟವನ್ನು ಗೆದ್ದನೆಂಬುದೇ ನಮಗೆ ಗೊತ್ತಾಗುವುದಿಲ್ಲ. ‘ಕೆಜಿಎಫ್’ನ ಮೊದಲ ಭಾಗದಲ್ಲಿ ಗಣಿಯೊಳಗೆ ಕಾಲಿಡುವವರೆಗೆ ಕಾಯಿಸಿದ ಸಂಯಮವನ್ನು, ತಾಯಿಗೆ ಕೊಟ್ಟ ಮಾತೊಂದು ಇಡೀ ಕಥೆಯನ್ನು ಹಿಡಿದಿರುವುದನ್ನು ಗಮನಿಸಿ. ಅದರ ನಂತರ ಬಂದ ಹಲವರು ಅದರ ಕಪ್ಪು ಬಣ್ಣವನ್ನು, ದೊಡ್ಡ ಶಬ್ದವನ್ನು ಮಾತ್ರ ತೆಗೆದುಕೊಂಡರು, ಕಾಯುವುದನ್ನು ಕಲಿಯಲಿಲ್ಲ. ನಿಮ್ಮಂಥ ಅಭಿಮಾನಿಗಳು ಮೊದಲ ಶೋ ಮುಗಿದ ಮೇಲೆ ‘ಸೆಕೆಂಡ್ ಹಾಫ್ ಚೆನ್ನಾಗಿಲ್ಲ’ ಎಂದು ಧೈರ್ಯವಾಗಿ ಹೇಳಿದರೆ ಅದು ವಿಮರ್ಶಕರ ಬರಹಕ್ಕಿಂತ ಬೇಗ ನಿರ್ದೇಶಕರನ್ನು ಮುಟ್ಟುತ್ತದೆ.

ಹೊನ್ನಾಳಿಯ ಓದುಗರು: ದಸರಾ ರಜೆಯಲ್ಲಿ ಮೊಮ್ಮಕ್ಕಳು ಬರುತ್ತಾರೆ. ಮನೆಯಲ್ಲಿಯೇ ಕೂತು ಎಲ್ಲರೂ ನೋಡಬಹುದಾದ ಹಳೆಯ ಚಿತ್ರಗಳನ್ನು ಸೂಚಿಸಿ.

ಪೌರಾಣಿಕದಿಂದ ಆರಂಭಿಸಿ. ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ದಲ್ಲಿ ರಾಜ್‌ಕುಮಾರ್ ಅವರು ಅರ್ಜುನನೂ ಆಗಿ, ಅವನ ಮಗನೂ ಆಗಿ ಎದುರುಬದುರು ನಿಂತು ವಾಗ್ವಾದ ಮಾಡುವ ಭಾಗವನ್ನು ಮಕ್ಕಳು ಬಾಯಿಪಾಠ ಮಾಡುವಷ್ಟು ಇಷ್ಟಪಡುತ್ತಾರೆ. ನೋಡುವ ಮೊದಲು ಚಿತ್ರಾಂಗದೆಯ ಕಥೆಯನ್ನು ಅವರಿಗೆ ಚಿಕ್ಕದಾಗಿ ಹೇಳಿದರೆ ಮಗನ ಸಿಟ್ಟು ಏನೆಂದು ಅವರಿಗೆ ತಿಳಿಯುತ್ತದೆ. ಎರಡನೆಯ ದಿನಕ್ಕೆ 1983ರ ‘ಭಕ್ತ ಪ್ರಹ್ಲಾದ’ ಇರಲಿ, ಅದರಲ್ಲಿ ತಂದೆ ಹಿರಣ್ಯಕಶಿಪುವಾಗಿ ಅಬ್ಬರಿಸುವಾಗ ಮಗ ಪುನೀತ್ ಪ್ರಹ್ಲಾದನಾಗಿ ನಿರ್ಭಯವಾಗಿ ನಿಲ್ಲುತ್ತಾರೆ. ಹದಿಮೂರು ಹದಿನಾಲ್ಕು ದಾಟಿದ ಮೊಮ್ಮಕ್ಕಳಿದ್ದರೆ ಮೂರನೆಯ ಸಂಜೆ ‘ತರ್ಕ’ವನ್ನು ಹಾಕಿ, ಆದರೆ ಕೊಲೆಗಾರ ಯಾರೆಂದು ಮೊದಲೇ ಗೊತ್ತಿರುವ ಹಿರಿಯರು ಬಾಯಿ ಬಿಡದಂತೆ ನೋಡಿಕೊಳ್ಳಿ. ತೀರ ಚಿಕ್ಕವರಿದ್ದರೆ ಎರಡನೆಯ ಚಿತ್ರದ ಕೊನೆಯಲ್ಲಿ ನರಸಿಂಹ ಬರುವ ಹೊತ್ತಿಗೆ ಅವರ ಪಕ್ಕದಲ್ಲಿಯೇ ಕುಳಿತಿರಿ.